ಬಟ್ಟೆ ಚೀಲ ಹಂಚುದು ಸಾಕು, ಹರಿದ ಕೊಡೆ ಉಂಟಾದ್ರೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್ ನಮ್ಮ ಮನೆಗೆ ಬರ್ಲಿಕ್ಕೆ ಸುರುವಾಗಿ ಎಷ್ಟು ವರ್ಷ ಆಯ್ತು ಅಂತ ನನಗೆ ಲೆಕ್ಕ ಇಲ್ಲ. ಬೆಳಿಗ್ಗೆ ಓದುದು, ಮಧ್ಯಾಹ್ನ ಅದರಲ್ಲೇ ಬ್ಲೌಸಿನ ಅಳತೆ ಕಟ್ ಮಾಡುದು. ಬೇಜಾರು ಮಾಡ್ಬೇಡಿ, ಟೈಲರ್ ಜನ ನಾನು, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಬದಿಯಡ್ಕ ರೋಡಲ್ಲಿ ಸೀತಾಂಗೋಳಿ ಹತ್ರ ಮನೆ. ಮೊದಲು ಜೂನ್ ಬಂತು ಅಂದ್ರೆ ಯೂನಿಫಾರ್ಮ್ ಹೊಲಿದು ಹೊಲಿದು ಕಾಲು ಊದಿಕೊಳ್ತಿತ್ತು, ಈಗ ಎಲ್ಲ ರೆಡಿಮೇಡ್, ಬ್ಲೌಸ್ ಒಂದು ಉಳಿದದ್ದು ಪುಣ್ಯ.

ವಿಷಯ ಎಂತ ಅಂದ್ರೆ ಮೊನ್ನೆ ನಿಮ್ಮ ಪೇಪರಲ್ಲಿ ಮತ್ತೊಂದು ಫೋಟೋ ನೋಡಿದೆ, ಏಳೆಂಟು ಜನ ಸಾಲಾಗಿ ನಿಂತು ಬಿಳಿ ಬಟ್ಟೆ ಚೀಲ ಎತ್ತಿ ಹಿಡಿದದ್ದು, ಕೆಳಗೆ ಪ್ಲಾಸ್ಟಿಕ್ ಮುಕ್ತ ಗ್ರಾಮ ಅಂತ. ಯಾವ ಊರು ಯಾರು ಅಂತ ಹೇಳುದಿಲ್ಲ, ಯಾಕಂದ್ರೆ ಇದು ಒಂದು ಊರಿನ ಕತೆ ಅಲ್ಲ, ಇಂಥ ಫೋಟೋ ವರ್ಷಕ್ಕೆ ನಾಲ್ಕು ಸಲ ಆದ್ರೂ ಬರ್ತದೆ, ಅತಿಥಿಗಳು ಬದಲಾಗ್ತಾರೆ, ಚೀಲ ಅದೇ. ಆ ಫೋಟೋ ನೋಡಿದ ಮೇಲೆ ನನಗೆ ಎಂತ ಹೊಳೀತೋ, ಕಪಾಟು ತೆಗೆದು ನಮ್ಮ ಮನೆಯಲ್ಲಿ ಎಷ್ಟು ಚೀಲ ಉಂಟು ಅಂತ ಎಣಿಸಿದೆ. 27! ನಾಲ್ಕು ಜನರ ಮನೆಗೆ 27 ಚೀಲ. ಬ್ರಹ್ಮಕಲಶದ್ದು ಮೂರು, ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟದ್ದು ಐದೋ ಆರೋ, ಬ್ಯಾಂಕಿಂದು, ಚಿನ್ನದ ಅಂಗಡಿದು, ಎಲೆಕ್ಷನ್ ಟೈಮಲ್ಲಿ ಬಂದದ್ದು, ಯಾರದ್ದೋ ಗೃಹಪ್ರವೇಶದ್ದು. ಅದರಲ್ಲಿ ಪೇಟೆಗೆ ತಕೊಂಡು ಹೋಗುದು ಯಾವುದು ಅಂತ ನೋಡಿದ್ರೆ ಒಂದೂ ಇಲ್ಲ ಮಾರಾಯ್ರೆ. ಹಿಡಿ ಕೈಗೆ ಹಿಡಿದ್ರೆ ನೆಲಕ್ಕೆ ತಾಗ್ತದೆ, ಹೆಗಲಿಗೆ ಹಾಕಿದ್ರೆ ಕಂಕುಳಲ್ಲಿ ಸಿಕ್ಕಿಕೊಳ್ತದೆ, ಬಿಳಿ ಬಣ್ಣ, ಒಂದು ಸಲ ಬಂಗುಡೆ ತಂದ್ರೆ ಮತ್ತೆ ಅದನ್ನು ದೇವರ ಕೋಣೆಯ ಹತ್ರ ಸಹ ತರ್ಲಿಕ್ಕಾಗುದಿಲ್ಲ, ಮದುಮಕ್ಕಳ ಹೆಸರು ಬರ್ದದ್ದರಲ್ಲಿ ನೀರುಳ್ಳಿ ತರ್ಲಿಕ್ಕೆ ಎಂತದೋ ಒಂದು ಮುಜುಗರ.

ಇನ್ನೊಂದು ಉಂಟು. ಈ 27ರಲ್ಲಿ 11 ಬಟ್ಟೆಯೇ ಅಲ್ಲ. ಮೆತ್ತಗೆ, ಸಣ್ಣ ಸಣ್ಣ ಚುಕ್ಕಿ ಚುಕ್ಕಿ ಒತ್ತಿದ ಹಾಗೆ ಇರ್ತದಲ್ಲ, ಕೆಂಪು ಹಸಿರು ನೀಲಿ, ಅದನ್ನು ನಮ್ಮಲ್ಲಿ ಎಲ್ಲರೂ ಬಟ್ಟೆ ಚೀಲ ಅಂತಲೇ ಹೇಳುದು, ಸ್ಟೇಜಲ್ಲಿ ಭಾಷಣ ಮಾಡುವವರು ಸಹ. ಅದು ನಾನ್ ವೋವನ್, ಅಂದ್ರೆ ನೂಲೂ ಇಲ್ಲ ನೇಯ್ಗೆಯೂ ಇಲ್ಲ, ಪಾಲಿಪ್ರೊಪಿಲಿನ್ ಎಳೆಗಳನ್ನು ಹರಡಿ ಬಿಸಿ ಮಾಡಿ ಒತ್ತಿದ್ದು, ಪಕ್ಕಾ ಪ್ಲಾಸ್ಟಿಕ್. ನಂಬಿಕೆ ಬರದಿದ್ರೆ ಟೈಲರ್‌ಗಳು ಮಾಡುವ ಪರೀಕ್ಷೆ ಮಾಡಿ ನೋಡಿ, ಒಂದು ಎಳೆ ಕತ್ತರಿಸಿ ಇಕ್ಕಳದಲ್ಲಿ ಹಿಡ್ಕೊಂಡು ಕಡ್ಡಿ ಗೀರಿ: ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗ್ತದೆ, ಇದು ಮುದ್ದೆ ಕಟ್ಟಿ ಕರಗಿ ತಣಿದ ಮೇಲೆ ಗಟ್ಟಿ ಮಣಿ ಆಗ್ತದೆ. ಹೊರಗೆ ನಿಂತು ಮಾಡಿ, ಹೊಗೆ ಕುಡೀಬೇಡಿ.

ಉಳಿದ 16 ಒಳ್ಳೆ ಹತ್ತಿಯದ್ದು, ಅದು ಒಳ್ಳೆದಲ್ವಾ ಅಂತ ನೀವು ಕೇಳಬಹುದು, ನಾನೂ ಹಾಗೇ ಗ್ರಹಿಸಿದ್ದು. ಮಗಳು ಮೊಬೈಲಲ್ಲಿ ಎಂತದೋ ಓದಿ ಹೇಳಿದ್ಳು, ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿಯವರು 2011ರಲ್ಲಿ ಒಂದು ಲೆಕ್ಕ ಹಾಕಿದ್ದಾರಂತೆ, ಹತ್ತಿ ಬೆಳೆದು ನೂಲು ತೆಗೆದು ನೇಯ್ದು ಒಂದು ಚೀಲ ಮಾಡುವಷ್ಟರಲ್ಲಿ ಆಗುವ ಖರ್ಚು ಎಷ್ಟು ಅಂದ್ರೆ ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ತೊಟ್ಟೆಗೆ ಸಮ ಆಗ್ಬೇಕಾದ್ರೆ ಹತ್ತಿ ಚೀಲವನ್ನು 131 ಸಲ ಬಳಸ್ಬೇಕು. ಖರ್ಚು ಅಂದ್ರೆ ದುಡ್ಡಿನದ್ದಲ್ಲ, ಭೂಮಿ ಬಿಸಿಯಾಗುವ ಲೆಕ್ಕದ್ದು ಮಾತ್ರ. ತೊಟ್ಟೆ ತೋಡಿಗೆ ಹೋಗುದು, ದನದ ಹೊಟ್ಟೆಗೆ ಹೋಗುದು ಆ 131ರಲ್ಲಿ ಸೇರ್ಲಿಲ್ಲ, ಹಾಗಾಗಿ ತೊಟ್ಟೆಯೇ ಒಳ್ಳೆದು ಅಂತ ಯಾರೂ ತಿಳ್ಕೊಳ್ಳುದು ಬೇಡ. ಆದ್ರೆ ವಾರಕ್ಕೊಂದು ಸಲ ಪೇಟೆಗೆ ಹೋಗುವ ನಾನು ಒಂದು ಚೀಲಕ್ಕೆ ಎರಡೂವರೆ ವರ್ಷ ದುಡಿಸ್ಬೇಕು, 16 ಚೀಲಕ್ಕೆ 40 ವರ್ಷ ಆಯ್ತು. ನನಗೀಗ 54. ಇನ್ನು ಎಂತ ಲೆಕ್ಕ ಹಾಕುದು.

ಹಾಗಾಗಿ ನಾನು ಹೇಳುದು ಇಷ್ಟೇ, ಹೊಸ ಬಟ್ಟೆ ತಂದು ಹೊಸ ಚೀಲ ಹೊಲಿದು ಹಂಚುದರಲ್ಲಿ ಎಂತ ಉಳಿತಾಯವೂ ಇಲ್ಲ. ಮನೆಯಲ್ಲಿ ಈಗಾಗ್ಲೇ ಬಿಸಾಡ್ಲಿಕ್ಕೆ ಬಿದ್ದದ್ದು ಇರ್ತದಲ್ಲ, ಅದರಲ್ಲೇ ಹೊಲೀಬೇಕು, ಮತ್ತೆ ಯಾವ ಕೆಲಸಕ್ಕೆ ಯಾವ ಚೀಲ ಅಂತ ನೋಡಿ ಹೊಲೀಬೇಕು. ನಮ್ಮ ಅಮ್ಮನ ಕಾಲದಲ್ಲಿ ವಯರಿನ ಚೀಲ ಇತ್ತು, ಕೆಂಪು ಬಿಳಿ ವಯರು ತಂದು ಮನೆಯಲ್ಲೇ ಹೆಣೆಯುದು, ಹತ್ತು ವರ್ಷ ಬರ್ತಿತ್ತು, ಯಾರೂ ಸ್ಟೇಜ್ ಹಾಕಿ ಹಂಚ್ಲಿಲ್ಲ.

ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಬಿಸಾಡ್ಲಿಕ್ಕೆ ಬಿದ್ದದ್ದು ಯಾವುದು ಹೇಳಿ? ಕೊಡೆ! ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಜಿಲ್ಲೆ ನಮ್ಮದು, ಜೂನಲ್ಲಿ ತೆಗೆದ ಕೊಡೆ ಆಗಸ್ಟಿಗೆ ಕಡ್ಡಿ ಮುರ್ದು ಬಾಗಿಲ ಹಿಂದೆ ನಿಲ್ತದೆ, ಬಟ್ಟೆಗೆ ಎಂತದೂ ಆಗಿರುದಿಲ್ಲ. ಆ ಬಟ್ಟೆ ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತುಂಟಾ, ಗಾಳಿಗೆ ಕಬ್ಬಿಣದ ಕಡ್ಡಿ ಬಗ್ಗಿದ್ರೂ ಬಟ್ಟೆ ಹರಿಯುದಿಲ್ಲ. ತೆಳು, ನೀರು ನಿಲ್ಲುದಿಲ್ಲ, ಮೀನು ತಂದ್ರೂ ಸೋಪು ಹಾಕಿ ಕೊಡವಿದ್ರೆ ಹತ್ತು ನಿಮಿಷದಲ್ಲಿ ಒಣಗ್ತದೆ, ಮಡಚಿದ್ರೆ ಮುಷ್ಟಿಯಲ್ಲಿ ಹಿಡೀತದೆ. ಚೀಲಕ್ಕೆ ಇದಕ್ಕಿಂತ ಒಳ್ಳೆ ಬಟ್ಟೆ ಯಾವ ಅಂಗಡಿಯಲ್ಲಿ ಸಿಗ್ತದೆ?

ನಾನು ಮಾಡುದು ಹೇಗೆ ಅಂತ ಹೇಳ್ತೇನೆ, ಹೊಲಿಗೆ ಗೊತ್ತಿರುವವರಿಗೆ ಸಾಕು. ಉದ್ದ ಕೊಡೆಯೇ ಒಳ್ಳೆದು, ಮೂರು ಮಡಚುವ ಕೊಡೆಯ ತುಂಡು ಸಣ್ಣ ಆಗ್ತದೆ. ಕಡ್ಡಿಯ ತುದಿಯಲ್ಲಿ, ಮತ್ತೆ ನಡುವಲ್ಲಿ ನೂಲು ಕಟ್ಟಿರ್ತಾರೆ, ಅದನ್ನು ಬ್ಲೇಡಲ್ಲಿ ಕುಯ್ದು ಮೇಲಿನ ಟೊಪ್ಪಿ ತಿರುಗಿಸಿ ತೆಗೆದ್ರೆ ಬಟ್ಟೆ ಇಡೀ ಬರ್ತದೆ, ಕಬ್ಬಿಣ ಗುಜರಿಗೆ. ತೊಳೆದು ನೆರಳಲ್ಲಿ ಒಣಗಿಸಿ ಹೊಲಿಗೆ ಬಿಚ್ಚಿದ್ರೆ ಎಂಟು ತ್ರಿಕೋನ. ಸುರುವಿಗೆ ನಾನು ಇದರಲ್ಲೇ ತಪ್ಪಿದ್ದು, ಚೀಲಕ್ಕೆ ಚೌಕ ಬಟ್ಟೆ ಬೇಕು ಅಂತ ಪ್ರತಿ ತ್ರಿಕೋನದ ಎರಡು ಬದಿ ಕತ್ತರಿಸಿ ಚೌಕ ಮಾಡ್ಲಿಕ್ಕೆ ಹೋದೆ, ಅರ್ಧಕ್ಕರ್ಧ ಬಟ್ಟೆ ಚಿಂದಿ ಆಯ್ತು. ಮತ್ತೆ ಒಂದು ದಿನ ತುಂಡುಗಳನ್ನು ನೆಲದಲ್ಲಿ ಹಾಸಿ ಒಂದು ನೆಟ್ಟಗೆ ಒಂದು ತಲೆಕೆಳಗೆ ಇಟ್ಟು ನೋಡಿದೆ, ಓರೆಗೆ ಓರೆ ಸರೀ ಕೂತಿತು. ನಾಲ್ಕು ತುಂಡು ಹಾಗೆ ಜೋಡಿಸಿ ಹೊಲಿದ್ರೆ ಎರಡು ಕೊನೆಯೂ ಓರೆ ಇರ್ತದೆ, ಅದನ್ನು ಕತ್ತರಿಸುದೇ ಬೇಡ, ಓರೆಗೆ ಓರೆ ಸೇರಿಸಿದ್ರೆ ಅಲ್ಲಿಗೆ ಕೊಳವೆ ಆಯ್ತು, ಕೆಳಗೆ ಮುಚ್ಚಿದ್ರೆ ಚೀಲ! ಮತ್ತೊಂದು ಲಾಭ, ಕೊಡೆಯ ಅಂಚು ಮೊದಲೇ ಮಡಚಿ ಹೊಲಿದೇ ಇರ್ತದಲ್ಲ, ಅದೇ ಚೀಲದ ಬಾಯಿಗೆ ಬರ್ತದೆ. ಒಂದು ಕೊಡೆಗೆ ಎರಡು ಚೀಲ. ಅದು ಸಿಕ್ಕಿದ ದಿನ ನಾನು ಒಬ್ಬಳೇ ಕೂತು ನಗಾಡಿದ್ದು, ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಕತ್ತರಿಸದಿದ್ರೆ ಆಗ್ತದೆ ಅಂತ ಗೊತ್ತಾಗ್ಲಿಕ್ಕೆ ಇಷ್ಟು ಟೈಮ್ ಬೇಕಾಯ್ತು.

ಸಣ್ಣ ಸಣ್ಣ ಸಂಗತಿ ಉಂಟು. ತ್ರಿಕೋನದ ಬದಿ ಪೂರಾ ನೆಟ್ಟಗೆ ಇರುದಿಲ್ಲ, ಕೊಡೆ ಉರುಟು ಕೂರ್ಲಿಕ್ಕೆ ಸ್ವಲ್ಪ ಹೊಟ್ಟೆ ಬಿಟ್ಟಿರ್ತಾರೆ, ಸ್ಕೇಲಿಟ್ಟು ಗೆರೆ ಎಳೆದು ಗೆರೆಯಲ್ಲೇ ಹೊಲೀಬೇಕು, ಇಲ್ಲಾಂದ್ರೆ ನೆರಿಗೆ ಬರ್ತದೆ. ಗುಂಡುಪಿನ್ನು ಹಾಕ್ಬೇಡಿ, ಕೊಡೆ ಬಟ್ಟೆಗೆ ಒಮ್ಮೆ ತೂತು ಬಿದ್ರೆ ಬಿದ್ದದ್ದೇ, ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕು. ಸೂಜಿ 14 ನಂಬ್ರ. ನೂಲು ಪಾಲಿಯೆಸ್ಟರಿಂದೇ ಆಗ್ಬೇಕು, ಹತ್ತಿ ನೂಲು ಮಳೆಗಾಲದಲ್ಲಿ ಕುಂಬು ಹಿಡೀತದೆ. ಚೀಲದ ಅಡಿಭಾಗಕ್ಕೆ ಎರಡು ಹೊಲಿಗೆ, ಒಮ್ಮೆ ಹೊರಗಿಂದ ಒಮ್ಮೆ ತಿರುಗಿಸಿ ಒಳಗಿಂದ. ಕೊಡೆ ಸುತ್ತಿ ಕಟ್ಟುವ ಪಟ್ಟಿ ಇರ್ತದಲ್ಲ, ಅದನ್ನು ಬಿಚ್ಚುದೇ ಬೇಡ, ಚೀಲ ಮಡಚಿದ ಮೇಲೆ ಅದರಲ್ಲೇ ಕಟ್ಟಿಕೊಳ್ಳಬಹುದು. ಹಿಡಿಗೆ ಮಾತ್ರ ಕೊಡೆ ಬಟ್ಟೆ ಆಗುದಿಲ್ಲ, ಭಾರ ಹಾಕಿದ್ರೆ ಬೆರಳು ಕುಯ್ತದೆ. ಹಳೆ ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಇರುವ ಬದಿಯನ್ನು ಎರಡು ಬೆರಳು ಅಗಲಕ್ಕೆ ಕತ್ತರಿಸಿದ್ರೆ ಅದಕ್ಕಿಂತ ಗಟ್ಟಿ ಹಿಡಿ ಎಲ್ಲಿಯೂ ಸಿಗುದಿಲ್ಲ.

ಅಕ್ಕಿ ತರ್ಲಿಕ್ಕೆ, ತೆಂಗಿನಕಾಯಿ ತರ್ಲಿಕ್ಕೆ ಕೊಡೆ ಚೀಲ ಸಾಲುದಿಲ್ಲ, ಅದಕ್ಕೆ ಹತ್ತು ಕಿಲೋ ಕುಚ್ಚಿಲಕ್ಕಿ ಬರುವ ಪ್ಲಾಸ್ಟಿಕ್ ಎಳೆಯ ಚೀಲ. ಅದರ ಬಾಯಿಯ ನೂಲನ್ನು ಕತ್ತರಿಯಲ್ಲಿ ಕೊರೆದು ಹಾಳು ಮಾಡ್ಬೇಡಿ, ಅದು ಸರಪಳಿ ಹೊಲಿಗೆ, ಸರಿಯಾದ ಬದಿಯಿಂದ ಒಂದು ನೂಲು ಸಿಕ್ಕಿದ್ರೆ ಸರ್ರಂತ ಒಂದೇ ಎಳೆತಕ್ಕೆ ಬಿಚ್ಚಿಕೊಳ್ತದೆ, ತಪ್ಪು ಬದಿಯಿಂದ ಎಳೆದ್ರೆ ಗಂಟು ಬೀಳ್ತದೆ. ಆ ನೂಲು ಸುತ್ತಿಡಿ, ಮಲ್ಲಿಗೆ ಬಳ್ಳಿ ಕಟ್ಟಲಿಕ್ಕೆ ಆಗ್ತದೆ. ಬಾಯಿ ಎರಡು ಬೆರಳು ಅಗಲಕ್ಕೆ ಎರಡು ಸಲ ಒಳಗೆ ಮಡಚಬೇಕು, ಕತ್ತರಿಸಿದ ಅಂಚು ಹೊರಗೆ ಬಿಟ್ರೆ ಎಳೆ ಎಳೆಯಾಗಿ ಬಿಚ್ಚಿಕೊಳ್ತದೆ. ಅಡಿಯ ಎರಡು ಮೂಲೆ ತ್ರಿಕೋನ ಮಡಚಿ ಅಡ್ಡ ಹೊಲಿಗೆ ಹಾಕಿದ್ರೆ ಚೀಲ ನೆಲದಲ್ಲಿ ತಾನೇ ನಿಲ್ತದೆ. ಸೂಜಿ 18.

ಹಿಡಿಯ ವಿಷಯದಲ್ಲಿ ನನ್ನ ಮಾನ ಹೋದ ಕತೆ ಹೇಳಿಬಿಡ್ತೇನೆ. ಮೊದಲ ಅಕ್ಕಿ ಚೀಲಕ್ಕೆ ನಾನು ಹಿಡಿಯ ತುದಿಯನ್ನು ಬಾಯಿಯ ಮಡಿಕೆ ಒಳಗೆ ಸಿಕ್ಕಿಸಿ ಒಂದೇ ಸಾಲು ಹೊಲಿಗೆ ಹಾಕಿ ಬಿಟ್ಟಿದ್ದೆ, ನೋಡ್ಲಿಕ್ಕೆ ಚಂದ ಇತ್ತು. ತಂಗಿ ಮನೆಯಿಂದ ಒಂದು ದೊಡ್ಡ ಹಲಸಿನ ಗುಜ್ಜೆ, ನಾಲ್ಕು ತೆಂಗಿನಕಾಯಿ ಹಾಕಿ ಕುಂಬಳೆಯಲ್ಲಿ ಬಸ್ ಹತ್ತುವಾಗ ಹಿಡಿ ನನ್ನ ಕೈಯಲ್ಲಿ, ಚೀಲ ಕೆಳಗೆ ಮೆಟ್ಟಿಲಲ್ಲಿ, ಗುಜ್ಜೆ ರೋಡಲ್ಲಿ. ಕಂಡಕ್ಟರು ಸಿಳ್ಳೆ ಬಾಯಲ್ಲಿಟ್ಟುಕೊಂಡೇ ಇಳಿದು ಹೆಕ್ಕಿ ಕೊಟ್ರು, ಟಿಕೆಟ್ ಕೊಡುವಾಗ ಅಕ್ಕಾ ನಿಮಗೆ ಒಂದು, ಚೀಲಕ್ಕೆ ಬೇರೆ ಬೇಕಾ ಅಂತ ಕೇಳಿದ್ರು, ಇಡೀ ಬಸ್ಸು ನಗಾಡಿತು. ಹಿಂದಿನ ಸೀಟಲ್ಲಿ ನಾನೇ ಬ್ಲೌಸ್ ಹೊಲಿದು ಕೊಟ್ಟವರು ಇದ್ರು, ಅದೇ ದೊಡ್ಡ ಬೇಜಾರು. ಈಗ ಹಿಡಿಯನ್ನು ಬಾಯಿಯಿಂದ ಮೂರು ಇಂಚು ಕೆಳಗೆ ಬರುವ ಹಾಗೆ ಇಟ್ಟು ಚೌಕ ಹೊಲಿದು ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ, ಒಳಗಿಂದ ಒಂದು ಜೀನ್ಸ್ ತುಂಡು ಅಡಿಗೆ. ಅದರ ಮೇಲೆ ಒಂದೂ ಕಿತ್ತು ಬಂದದ್ದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳ್ಲೇಬೇಕು. ಚೀಲ ಉಂಟು ಅಂತ ಎಲ್ಲ ಚೀಲ ಹೊಲಿಯುದಲ್ಲ. ರಸಗೊಬ್ಬರದ್ದು, ಅಡಿಕೆಗೆ ಬಿಡುವ ಮೈಲುತುತ್ತಿಂದು ತೊಳೆದ್ರೂ ಬೇಡ, ನಮ್ಮ ಕಡೆ ತೊಳೆದು ಅದರಲ್ಲೇ ತರಕಾರಿ ತುಂಬಿಸುವವರು ಇದ್ದಾರೆ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದನ್ನು 2000 ಇಸವಿವರೆಗೆ ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳುದು ಬೇಡ. ಮತ್ತೆ ಅಕ್ಕಿ ಚೀಲವಾಗ್ಲಿ ಹಿಂಡಿ ಗೋಣಿಯಾಗ್ಲಿ ಬಿಸಿಲಲ್ಲಿ ಬಿಡ್ಬೇಡಿ. ಅಂಗಳದಲ್ಲಿ ಒಂದು ಬೇಸಿಗೆ ಬಿದ್ದ ಚೀಲ ಎತ್ತಲಿಕ್ಕೆ ಹೋದ್ರೆ ಕೈಯಲ್ಲೇ ಹುಡಿ ಹುಡಿ ಆಗ್ತದಲ್ಲ, ಆ ಹುಡಿ ಮಣ್ಣಿಗೆ ಹೋಗ್ತದೆ, ಅಲ್ಲಿಂದ ಹೆಕ್ಕಿ ತೆಗೀಲಿಕ್ಕೆ ಯಾರಿಂದ ಆಗ್ತದೆ? ಚೀಲ ಹೊಲಿದ್ರೆ ಪ್ಲಾಸ್ಟಿಕ್ ಮಾಯ ಆಗುದಿಲ್ಲ, ಮೂರ್ನಾಲ್ಕು ವರ್ಷ ಕೆಲಸ ಮಾಡ್ತದೆ ಅಷ್ಟೇ. ಸವೆದು ಎಳೆ ಬಿಡ್ಲಿಕ್ಕೆ ಸುರುವಾದ್ರೆ ಮನೆಮನೆಯಿಂದ ಪ್ಲಾಸ್ಟಿಕ್ ಒಟ್ಟು ಮಾಡುವ ಹರಿತ ಕರ್ಮಸೇನೆಯವರಿಗೆ ಕೊಡಿ.

ಆ ಕರ್ಮಸೇನೆಯ ಹೆಂಗಸರ ವಿಷಯಕ್ಕೇ ಬರ್ತೇನೆ. ತಿಂಗಳಿಗೊಂದು ಸಲ ಬರ್ತಾರೆ, 50 ರೂಪಾಯಿ, ತೊಳೆದು ಒಣಗಿಸಿದ ಪ್ಲಾಸ್ಟಿಕ್ ತಕೊಂಡು ಹೋಗ್ತಾರೆ. ನಮ್ಮ ಮನೆ ಗುಡ್ಡೆಯ ಮೇಲೆ, ರೋಡಿಂದ 60 ಮೆಟ್ಟಿಲು. ಅವರಿಬ್ಬರು ಗೋಣಿ ತಲೆಯ ಮೇಲಿಟ್ಟು ಒಂದು ಕೈಯಲ್ಲಿ ಅದನ್ನು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ರಸೀದಿ ಪುಸ್ತಕ, ಮೊಬೈಲು, ಮಳೆಗೆ ಕೊಡೆ ಬೇರೆ. ನೋಡಿ ನೋಡಿ ನನಗೇ ಕುತ್ತಿಗೆ ನೋವು ಬಂತು. ಎರಡು ಹಿಂಡಿ ಗೋಣಿಗೆ ಹಳೆ ಸ್ಕೂಲ್ ಬ್ಯಾಗಿನ ಪಟ್ಟಿ ಹಾಕಿ ಬೆನ್ನಿಗೆ ಹಾಕುವ ಹಾಗೆ ಹೊಲಿದು ಕೊಟ್ಟೆ, ಪಟ್ಟಿಯ ಒಳಗೆ ಹಳೆ ಬೈರಾಸು ಮಡಚಿಟ್ಟು, ಹೆಗಲಿಗೆ ಒತ್ತುದು ಬೇಡ ಅಂತ. ಮುಂದಿನ ತಿಂಗಳು ಬಂದು ಒಬ್ಬರು ಹೇಳಿದ್ರು, ಚೇಚಿ, ಇದು ಆದ ಮೇಲೆ ಎರಡು ಕೈ ಖಾಲಿ, ನಾಯಿ ಬಂದ್ರೆ ಕಲ್ಲು ಹೆಕ್ಕಬಹುದು ಅಂತ! ನಾನು ಯೋಚಿಸದೇ ಇದ್ದ ಲಾಭ ಅದು. ಈಗ ಬೇರೆ ವಾರ್ಡಿನವರೂ ಕೇಳಿದ್ದಾರೆ, ಆರು ಹೊಲಿಯುದು ಬಾಕಿ ಉಂಟು.

ಇದೇ ನೆಪದಲ್ಲಿ ಒಂದು ದೂರು, ಪ್ರಿಂಟ್ ಮಾಡಿದ್ರೆ ಉಪಕಾರ. ಎಂತ ಕೊಡ್ಬೇಕು, ಹೇಗೆ ತೊಳೆದು ಕೊಡ್ಬೇಕು, ಯಾವ ತಿಂಗಳು ಚಪ್ಪಲಿ ಬ್ಯಾಗು, ಯಾವ ತಿಂಗಳು ಗಾಜು ಅಂತ ಒಂದು ಕಾಗದ ಮನೆಮನೆಗೆ ಕೊಟ್ಟಿದ್ದಾರೆ, ಇಡೀ ಮಲಯಾಳದಲ್ಲಿ. ಕನ್ನಡದವರು ಇಷ್ಟು ಜನ ಇರುವ ಕಡೆ ಒಂದು ಬದಿ ಕನ್ನಡ ಹಾಕ್ಲಿಕ್ಕೆ ಎಷ್ಟು ಖರ್ಚಾಗ್ತದೆ? ನನ್ನ ಅತ್ತೆ ಕನ್ನಡ ಪೇಪರ್ ಜಾಹೀರಾತು ಸಮೇತ ಓದುವವರು, ಆ ಕಾಗದ ಅವರಿಗೆ ಒಂದು ಅಕ್ಷರ ಗೊತ್ತಾಗುದಿಲ್ಲ, ಹಾಗಾಗಿ ಹಾಲಿನ ತೊಟ್ಟೆ ತೊಳೆಯದೆ ಹಾಗೇ ಗೋಣಿಗೆ ಹಾಕಿ ಇಟ್ಟಿದ್ರು. ತಿಂಗಳಾಗುವಾಗ ಹುಳ, ವಾಸನೆ. ಬೈಗುಳ ತಿಂದದ್ದು ಯಾರು ಅಂದ್ರೆ ಅದನ್ನು ಎತ್ತಿಕೊಂಡು ಹೋದ ಹೆಂಗಸರು. ಭಾಷೆಯ ವಿಷಯ ಅಂದ್ರೆ ಬರೀ ಬೋರ್ಡು, ಧರಣಿ ಅಂತ ಗ್ರಹಿಸುವವರಿಗೆ ನಾನು ಇದನ್ನೇ ಹೇಳುದು, ಹಾಲಿನ ತೊಟ್ಟೆಯಲ್ಲೂ ಉಂಟು ಭಾಷೆ.

ಕಾನೂನು ಇಲ್ಲ ಅಂತ ಅಲ್ಲ. ತಲಪಾಡಿಯಿಂದ ಆಚೆ ಕರ್ನಾಟಕದಲ್ಲಿ 2016ರಲ್ಲೇ ತೊಟ್ಟೆ ನಿಷೇಧ ಆಯ್ತು, ಈಚೆ ನಮ್ಮಲ್ಲಿ 2020 ಜನವರಿ 1ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಂದ್, 2022ರ ಕೊನೆಗೆ ದೇಶಕ್ಕೇ 120 ಮೈಕ್ರಾನಿಗಿಂತ ತೆಳು ಪ್ಲಾಸ್ಟಿಕ್ ಚೀಲ ಆಗ್ಲಿಕ್ಕಿಲ್ಲ ಅಂತ ಬಂತು, ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಆದ್ರೂ ಮೀನು ಮಾರ್ಕೆಟಲ್ಲಿ ಕಪ್ಪು ತೊಟ್ಟೆ ಕೇಳದೇ ಸಿಗ್ತದೆ. ಮೈಕ್ರಾನ್ ಅಳೆಯುದು ಯಾರು, ಎಲ್ಲಿ? ನಾನು ಮೀನಿನವರನ್ನು ಬೈಯುದಿಲ್ಲ, ನಾವು ಕೈ ಬೀಸಿಕೊಂಡು ಹೋಗಿ ಎರಡು ಕಿಲೋ ಬೂತಾಯಿ ಕೊಡಿ ಅಂದ್ರೆ ಅವರು ಎಂತ, ಮುಂಡಿನ ಸೆರಗಲ್ಲಿ ಕಟ್ಟಿ ಕೊಡ್ಬೇಕಾ?

ಬಡ್ಡಿ ಇಲ್ಲದ ಒಂದು ಐಡಿಯಾ ನನಗೆ ಇರುದು ಇಷ್ಟು. ನಮ್ಮ ಜಂಕ್ಷನಿನ ಜೀನಸು ಅಂಗಡಿಯ ಹೊರಗೆ ಒಂದು ಮೊಳೆ ಹೊಡೆಸಿದ್ದೇನೆ, ಕೊಡೆ ಚೀಲ ಹತ್ತು ನೇತಾಡ್ತಾ ಇರ್ತದೆ, ಮರೆತು ಬಂದವರು ತಕೊಂಡು ಹೋಗುದು, ಮುಂದಿನ ಸಲ ತಂದು ಸಿಕ್ಕಿಸುದು, ದುಡ್ಡಿಲ್ಲ, ಬರೆಯುದಿಲ್ಲ. ಮೊದಲ ತಿಂಗಳು ಹತ್ತರಲ್ಲಿ ಏಳು ಬರ್ಲೇ ಇಲ್ಲ, ಅಂಗಡಿಯವರು ನನ್ನನ್ನು ನೋಡಿ ನಗಾಡಿದ್ರು, ಅಕ್ಕಾ ದಾನ ಆಯ್ತು ಅಂತ. ಆಮೇಲೆ ಒಂದೊಂದೇ ಬಂತು, ಒಂದು ಮಾತ್ರ ಹೋದದ್ದಕ್ಕಿಂತ ಚಂದ ಆಗಿ ಬಂತು, ಯಾರೋ ಒಳಗೆ ಒಂದು ಸಣ್ಣ ಪಾಕೆಟ್ ಹೊಲಿದು ಹಾಕಿದ್ರು, ಕೈ ಹೊಲಿಗೆ, ತುಂಬಾ ಸಣ್ಣ ಸಣ್ಣ ಗಂಟು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಗೊತ್ತಾದ್ರೆ ನನಗೆ ಬ್ಲೌಸಿನ ಹುಕ್ ಹಾಕ್ಲಿಕ್ಕೆ ಅಂಥ ಒಬ್ಬರು ಬೇಕು. ಈಗ ಮೊಳೆಯಲ್ಲಿ ಯಾವಾಗ ನೋಡಿದ್ರೂ ನಾಲ್ಕೈದು ಇರ್ತದೆ.

ಇನ್ನು ಯಾರಾದ್ರೂ ಚೀಲ ಹಂಚುವ ಕಾರ್ಯಕ್ರಮ ಮಾಡ್ತೀರಿ ಅಂತಾದ್ರೆ ಹೊಸ ಕೋರಾ ಬಟ್ಟೆಗೆ ಕೊಡುವ ದುಡ್ಡನ್ನು ಊರಿನ ಟೈಲರ್ ಹೆಂಗಸರಿಗೆ ಹೊಲಿಗೆ ಕೂಲಿ ಅಂತ ಕೊಡಿ, ನಮ್ಮಂಥವರ ಮೆಷಿನು ಎಲ್ಲ ಮನೆಯಲ್ಲಿ ಬಟ್ಟೆ ಮುಚ್ಚಿ ಕೂತುಂಟು. ಸಾಮಾನು ಊರವರೇ ತರ್ತಾರೆ. ಫೋಟೋ ತೆಗೀಲಿಕ್ಕೆ ಚೀಲ ಒಂದೇ ಬಣ್ಣ ಇರುದಿಲ್ಲ, ಅದೊಂದು ಕಷ್ಟ.

ಮತ್ತೆ ಕೊಡೆ. ಹರಿದ ಕೊಡೆ, ಕಡ್ಡಿ ಮುರಿದ ಕೊಡೆ ಇದ್ರೆ ಆ ಮೊಳೆಯ ಕೆಳಗೆ ಒಂದು ಬಕೆಟ್ ಇಟ್ಟಿದ್ದೇನೆ, ಅದರಲ್ಲಿ ಹಾಕಿ ಅಂತ ಬೋರ್ಡು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಾಕಿದ್ದೇನೆ. ಈ ವಾರ 14 ಬಂತು. ಅದರಲ್ಲಿ ಒಂದು ಮರದ ಹಿಡಿದು, ಕಪ್ಪು, ಕಡ್ಡಿ ಎಲ್ಲ ನೆಟ್ಟಗೆ ಉಂಟು, ಬಿಡಿಸಿದ್ರೆ ಒಂದು ತೂತಿಲ್ಲ. ಅದು ಬಿಸಾಡಿದ್ದಲ್ಲ, ಯಾರೋ ಸಾಮಾನು ತಕೊಳ್ಳುವಾಗ ಬಕೆಟಿಗೆ ಒರಗಿಸಿಟ್ಟು ಮರೆತು ಹೋದದ್ದು. ಇನ್ನೂ ಕತ್ತರಿ ಹಾಕ್ಲಿಲ್ಲ, ನಿಮ್ಮ ಪೇಪರ್ ಓದುವವರದ್ದಾದ್ರೆ ಅಂಗಡಿಯಲ್ಲೇ ಉಂಟು, ಬಂದು ತಕೊಂಡು ಹೋಗಿ.

ಇತಿ,
ನಿಮ್ಮ ಓದುಗಿ, ಒಬ್ಬಳು ಟೈಲರ್
ಸೀತಾಂಗೋಳಿ, ಕಾಸರಗೋಡು ಜಿಲ್ಲೆ